ಊಟದ ನಂತರದ ಪೀರಿಯಡ್

ಮೊನ್ನೆ ದಾವಣಗೆರೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ ಜ್ಯೇಷ್ಠಮಧುವಿನ ಪೊಟ್ಟಣ ಬಿಚ್ಚಿದರು. ಆ ಮಣ್ಣುಗಂಪು ಬೆರೆತ ಸಿಹಿವಾಸನೆ ಮೂಗಿಗೆ ಬಿದ್ದೊಡನೆ ನೆನಪಾದವರು ನಮ್ಮ ಹೆಡ್ಮಾಸ್ತರರು. ಪ್ರೀತಿಯಿಂದ ನೆನಪಾದರೆಂದು ಯಾರೂ ಭಾವಿಸಬಾರದು.

ನಾನು ಹರಿಹರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಹಳಗನ್ನಡ ಪದ್ಯಗಳನ್ನು ರಾಗವಾಗಿ ಓದುವುದೊಂದೇ ನನಗೆ ಒಲಿದಿದ್ದ ವಿದ್ಯೆ. ದಿನಕ್ಕೊಂದು ಪೀರಿಯಡ್ ಬಿಡುವಿತ್ತು, ಅದೂ ಊಟದ ನಂತರದ್ದು. ಗಂಟಲಿಗೆ ವಿಶ್ರಾಂತಿ ಸಿಗುತ್ತಿದ್ದ ಹೊತ್ತು ಅದೇ.

ಅದನ್ನು ಹೆಡ್ಮಾಸ್ತರರು ಕಿತ್ತುಕೊಂಡರು. ರಜೆ ಹಾಕಿದವರ ತರಗತಿಗಳನ್ನು ಬೇರೆಯವರಿಗೆ ಹಚ್ಚುವ ಪುಸ್ತಕವೊಂದಿತ್ತು. ಜವಾನ ತಂದಾಗ ಸಹಿ ಮಾಡಬೇಕು. ಯಾರು ರಜೆ ಹಾಕಿದರೂ, ಲೆಕ್ಕಾಚಾರವೆಲ್ಲ ಹೇಗೋ ಹೊರಳಿ, ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದಿರುತ್ತಿದ್ದುದು ಎಂಟನೆಯ ‘ಬಿ’ ವಿಭಾಗವೇ. ಅದು ಹೆಡ್ಮಾಸ್ತರರ ಕೋಣೆಗೆ ಹೊಂದಿಕೊಂಡ ತರಗತಿ. ಅಲ್ಲಿ ನನ್ನ ಪಾಠವಿರಲಿಲ್ಲ. ಮಕ್ಕಳು ಗಲಾಟೆ ಮಾಡದಿರಲೆಂದು ಪದ್ಯ ಓದುತ್ತಿದ್ದೆ.

ಒಂದು ದಿನ ಸಹಿ ಮಾಡುವ ಮುನ್ನ ಜವಾನನನ್ನು ಕೇಳಿದೆ, ನಾನೇ ಏಕೆ ಎಂದು. ಅವನು ಮುಚ್ಚಿದ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ.

“ಸಾಹೇಬ್ರು ಎರಡು ಬೆಂಚು ಜೋಡಿಸ್ಕೊಂಡು ಮಲಗ್ತಾರ್ರಿ ಸರ. ನೀವಿದ್ರೆ ಹುಡುಗ್ರು ಗಪ್ಪಾಗಿರ್ತಾವಂತೆ.”

ಮುಖದ ಮೇಲೆ ಟವೆಲ್ ಹೊದ್ದು ಅವರು ನಿದ್ರಿಸಲು ನಾನು ಗೋಡೆಯ ಈಚೆ ಗಂಟಲು ಹರಿದುಕೊಳ್ಳಬೇಕಿತ್ತು. ಆದರೂ ಸಹಿ ಮಾಡಿದೆ. ‘ನಮ್ಮ ಮೇಷ್ಟ್ರಿಗೆ ದಣಿವೇ ಇಲ್ಲ’ ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತು ನನಗೆ ಹಿಡಿಸಿತ್ತು. ಈ ತಪ್ಪು ನನ್ನದು. ಒಪ್ಪಿಕೊಂಡಿದ್ದೇನೆ. ಉಳಿದದ್ದೆಲ್ಲ ಅವರದು.

ಎರಡನೆಯ ವರ್ಷ ಧ್ವನಿ ಒಡೆಯತೊಡಗಿತು. ಜ್ಯೇಷ್ಠಮಧು ಜಗಿದೆ, ಬಿಸಿನೀರು ಮುಕ್ಕಳಿಸಿದೆ… ಕೊನೆಗೆ ದಾವಣಗೆರೆಯ ಡಾಕ್ಟರು ಒಂದು ತಿಂಗಳು ಮಾತೇ ಆಡಕೂಡದೆಂದು, ಆಡಿದರೆ ಧ್ವನಿ ಉಳಿಯುವ ಭರವಸೆಯಿಲ್ಲವೆಂದು ಚೀಟಿ ಬರೆದರು. ರಜೆ ಅರ್ಜಿಗೆ ಅದನ್ನು ಲಗತ್ತಿಸಿ ಕೊಟ್ಟೆ. ಹೆಡ್ಮಾಸ್ತರರು ಅದನ್ನು ಸ್ಟಾಫ್ ರೂಮಿಗೇ ತಂದು, ಎಲ್ಲರೆದುರು ಓದಿದರು.

“ಬಾಯಿಗೂ ರಜಾ ಬೇಕೇನ್ರಿ ಮೇಷ್ಟ್ರೇ? ನಾಳೆ ಕಣ್ಣಿಗೆ, ನಾಡಿದ್ದು ಕಿವಿಗೆ. ಪರೀಕ್ಷೆ ಮುಗೀಲಿ, ಆಮ್ಯಾಲೆ ನೋಡಾಣ.”

ಏಳು ಜನ ನಕ್ಕರು. ಯಾರ್ಯಾರೆಂದು ಇಂದಿಗೂ ಹೇಳಬಲ್ಲೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಮಾತು ಉಳಿಯಿತು, ಒರಟಾಗಿ. ರಾಗ ಮರಳಲಿಲ್ಲ.

ನಿವೃತ್ತಿಯ ನಂತರ ಅವರು ನಮ್ಮ ಬಡಾವಣೆಗೇ ಬಂದು ನೆಲೆಸಿದರು. ಉದ್ಯಾನದಲ್ಲಿ ಎದುರಾದಾಗಲೆಲ್ಲ ನಾನು ದಾರಿ ಬದಲಿಸುತ್ತಿದ್ದೆ. ಕಳೆದ ವರ್ಷ ಒಂದು ಸಂಜೆ ಅವರೇ ನನ್ನ ಬೆಂಚಿಗೆ ಬಂದು ಕುಳಿತರು. ಕಣ್ಣ ಕೆಳಗೆ ಕಪ್ಪಾಗಿತ್ತು. ಮಾತ್ರೆ ನುಂಗಿದರೂ ತಿಂಗಳುಗಳಿಂದ ನಿದ್ದೆಯಿಲ್ಲವೆಂದರು. ಆಮೇಲೆ ಹೇಳಿದರು:

“ಆ ಬೆಂಚಿನ ಮ್ಯಾಲೆ ಮಲಗಿದಂಗೆ ಮತ್ತೆಲ್ಲೂ ಮಲಗಲಿಲ್ಲರಿ. ಗೋಡೆ ಆಚೆ ನೀವು ಓದ್ತಿದ್ರಲ್ಲ, ಅದು ಕೇಳ್ತಾ ಕೇಳ್ತಾ ಕಣ್ಣು ಹತ್ತೋದು. ಅದಕ್ಕೇ ನಿಮಗೇ ಹಚ್ತಿದ್ದೆ. ಒಂದು ಪದ್ಯ ಓದ್ರಿ ಮೇಷ್ಟ್ರೇ.”

ಅವರಿಗೆ ನೆನಪೇ ಇರಲಿಲ್ಲ! ಅರ್ಜಿ, ಡಾಕ್ಟರ ಚೀಟಿ, ಆ ನಗು, ಯಾವುದೂ ಇಲ್ಲ. ನಾನು ಒಂದು ಸಾಲು ಎತ್ತಿಕೊಂಡೆ, ಕೇಳಲಿ ಎಂದೇ. ಗರಗಸ ಹಾಕಿದಂಥ ಸದ್ದು ಹೊರಬಿತ್ತು. ಅವರು ಗಾಬರಿಯಿಂದ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

“ಆ ಧ್ವನಿಯನ್ನು ನೀವು ಮಲಗಿ ಮುಗಿಸಿದ್ದೀರಿ ಸರ್” ಎಂದು ಎದ್ದು ಬಂದೆ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ಹೋಗಲಿಲ್ಲ. ಈಗ ಊಟದ ನಂತರ ತಪ್ಪದೆ ಚಾಪೆ ಹಾಸಿ ಮಲಗುತ್ತೇನೆ. ಆ ಪೀರಿಯಡ್ಡನ್ನು ಇನ್ನಾರಿಗೂ ಬಿಟ್ಟುಕೊಡುವುದಿಲ್ಲ. ಜ್ಯೇಷ್ಠಮಧುವಿನ ಚೂರೊಂದು ದವಡೆಯಲ್ಲಿರುತ್ತದೆ. ಮನೆ ನಿಶ್ಶಬ್ದವಾಗಿರುತ್ತದೆ. ನನ್ನ ಧ್ವನಿ ಹೇಗಿತ್ತೆಂದು ಮನಸ್ಸಿಟ್ಟು ಕೇಳಿದ್ದವರು ಅವರೊಬ್ಬರೇ ಎಂಬುದು ನೆನಪಾದ ದಿನ ಮಾತ್ರ… ಕಣ್ಣು ಹತ್ತುವುದಿಲ್ಲ.