ಹೆಬ್ಬೆರಳು ಅಳೆಯುತ್ತಿದ್ದ ಬಿಗಿ

ಮಿಷಿಗನ್ ಸರೋವರದ ತೆಂಕಣ ದಡದಲ್ಲಿ ಏಪ್ರಿಲ್ ಆರಂಭದ ಬೆಳಕು ಇನ್ನೂ ಬೂದಿಬಣ್ಣ. ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ತಂಗಿ ಟ್ರೂಡಿಯ ಬಾಡಿಗೆ ದೋಣಿಯ ಹಿಂಬದಿಯಲ್ಲಿ ನಿಂತು, ಅರವತ್ತೊಂಬತ್ತರ ವರ್ನನ್ ಪಿಲಾರ್ಸ್ಕಿ ಕಿತ್ತಳೆ ಬಣ್ಣದ ಹಲಗೆಯೊಂದನ್ನು ಗಾಳದ ದಾರಕ್ಕೆ ಸಿಕ್ಕಿಸುತ್ತಿದ್ದಾರೆ. ಮೂತಿಯನ್ನು ಓರೆಯಾಗಿ ಕೊರೆದ ಈ ಪುಟ್ಟ ಹಲಗೆ ದೋಣಿಯ ಬೆನ್ನಿಗೆ ಬರದೆ ಪಕ್ಕಕ್ಕೆ ಸರಿಯುತ್ತದೆ, ದಾರವನ್ನೂ ದೂರ ಒಯ್ಯುತ್ತದೆ. ಈ ಋತುವಿನಲ್ಲಿ ಸಾಲ್ಮನ್ ಮೀನು ನೀರಿನ ಮೇಲ್ಪದರದಲ್ಲೇ ಇರುತ್ತದೆ. ದೋಣಿ ಮೇಲೆ ಹಾದರೆ ಮೀನು ಚೆದುರಿಹೋಗುತ್ತದೆ.

"ಹೊರಗಿನದ್ದು ಮೊದಲು, ಒಳಗಿನದ್ದು ಆಮೇಲೆ. ಎಡದ ಹಲಗೆ ಎಡಕ್ಕೇ ಬಿಡಬೇಕು. ತಪ್ಪಿ ಬಲಕ್ಕೆ ಬಿಟ್ರೆ, ಕೊಟ್ಟಿಗೆ ನೆನಪಾದ ಹಸು ಥರ ದೋಣಿಗೇ ವಾಪಸ್ ಬರುತ್ತೆ" ಎನ್ನುತ್ತಾರೆ ವರ್ನನ್.

ಕೆಲಸದ ಮರ್ಮವಿರುವುದು ಹಲಗೆಯ ಕ್ಲಿಪ್ಪಿನಲ್ಲಿ. ಅಲೆಯ ಎಳೆತಕ್ಕೆ ಅದು ದಾರವನ್ನು ಬಿಡಬಾರದು. ಮೀನಿನ ಎಳೆತಕ್ಕೆ ಬಿಡಲೇಬೇಕು. ಈ ಎರಡರ ನಡುವಿನ ಬಿಗಿಯನ್ನು ಅಳೆಯುವ ಸಾಧನವಿಲ್ಲ. ತಾವು ದುಡಿಯುತ್ತಿದ್ದ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಈ ದೋಣಿಗೆ ಬಂದ ವರ್ನನ್ ಅದನ್ನು ಬಲ ಹೆಬ್ಬೆರಳಿನಿಂದಲೇ ಅರಿಯುತ್ತ ಬಂದವರು. ಮೀನು ಹಿಡಿದ ಗಿರಾಕಿಗಳ ಫೋಟೋಗಳಲ್ಲಿ ವರ್ನನ್‌ರ ತೋಳು ಮಾತ್ರ ಅಲ್ಲಲ್ಲಿ ಕಾಣುತ್ತದೆ.

ಈ ಬೆಳಿಗ್ಗೆ ಬಲಬದಿಯ ಹಲಗೆಯೊಂದು ಸಾಲಿನಿಂದ ತುಸು ಹಿಂದೆ ಬೀಳುತ್ತದೆ. ಚುಕ್ಕಾಣಿ ಹಿಡಿದ ಟ್ರೂಡಿಯ ಕಣ್ಣು ಅಲ್ಲಿಗೆ ಹೋಗುತ್ತದೆ.

"ಅಣ್ಣಾ, ಅದ್ಯಾಕೆ ಕುಂಟ್ತಾ ಇದೆ?"

"ಪಾಚಿ ಸಿಕ್ಕಿರಬೇಕು."

"ಈ ಚಳಿಯಲ್ಲಿ ಪಾಚೀನಾ? ನಿನ್ನ ತಲೇಲಿ ಬೆಳೆದಿರಬೇಕು. ಎಳಿ."

ಗಿರಾಕಿಯಾಗಿ ಬಂದ ಶಾಲಾ ಶಿಕ್ಷಕಿ ದಾರ ಸುತ್ತುತ್ತಾರೆ. ಬಂದದ್ದು ಸಣ್ಣ ಸಾಲ್ಮನ್. ಕ್ಲಿಪ್ ಬಿಡದ ಕಾರಣ ಬಹಳ ಹೊತ್ತು ಹಲಗೆಯ ಹಿಂದೆ ಎಳೆಸಿಕೊಂಡು ಸತ್ತಿದೆ. "ಒದ್ದಾಡಲೇ ಇಲ್ಲ, ಎಷ್ಟು ಸಾಧು ಮೀನು!" ಎಂದು ಆಕೆ ಹಿಗ್ಗುತ್ತಾರೆ. ಅಣ್ಣತಂಗಿಯರು ನಗುವುದಿಲ್ಲ.

"ಬೆರಳು ಜೋಮು ಹಿಡಿದಿದೆಯಾ?" ಟ್ರೂಡಿ ದನಿ ತಗ್ಗಿಸುತ್ತಾರೆ.

"ಚಳಿಗಾಲದಿಂದ ಏನೂ ತಿಳೀತಿಲ್ಲ, ಟ್ರೂಡಿ. ಅಂದಾಜಿನ ಮೇಲೆ ಕಟ್ತಿದ್ದೆ."

"ನನ್ನ ಹತ್ರಾನೂ ಮುಚ್ಚಿಟ್ಯಾ?"

"ಹೇಳಿದ್ರೆ ನೀನು ನನ್ನನ್ನ ದೋಣಿಯಿಂದ ಇಳಿಸ್ತಿದ್ದೆ."

"ಇಳಿಸ್ತಿದ್ದೆ" ಎಂದು ಆಕೆ ಒಪ್ಪುತ್ತಾರೆ. ಆಮೇಲೆ ಚುಕ್ಕಾಣಿಯನ್ನು ಅಣ್ಣನಿಗೆ ಬಿಟ್ಟುಕೊಡುತ್ತಾರೆ. "ಬಾ, ಇದನ್ನ ಹಿಡಿ. ತಿರುಗಿಸೋವಾಗ ನಿಧಾನ, ಒಳಬದಿ ಹಲಗೆಗಳು ಮುಳುಗ್ತವೆ."

"ಅದನ್ನ ನಿಂಗೆ ಹೇಳಿಕೊಟ್ಟವನೇ ನಾನು, ಕತ್ತೆ."

ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ, ಬೇಗ ಶಸ್ತ್ರಚಿಕಿತ್ಸೆಯಾಗಲಿ ಎಂದು ವೈದ್ಯೆ ಎರಡು ವರ್ಷಗಳ ಹಿಂದೆಯೇ ಹೇಳಿದ್ದರು. ಸಾಲ್ಮನ್ ಋತು ಮುಗಿಯಲಿ ಎಂದು ವರ್ನನ್ ಮುಂದೂಡಿದರು. ಮರುವಸಂತದಲ್ಲಿ ಮತ್ತೆ ಅದೇ ಮಾತು. ಈಗ ಶಸ್ತ್ರಚಿಕಿತ್ಸೆಯಾದರೂ ಸ್ಪರ್ಶ ಮರಳುವ ಭರವಸೆ ಇಲ್ಲ.

ಹಿಂಬದಿಯಲ್ಲಿ ಟ್ರೂಡಿ ಕ್ಲಿಪ್ಪಿನ ತಿರುಪು ಸಡಿಲಿಸಿ, ದಾರವನ್ನು ಜಗ್ಗಿ ನೋಡಿ, ಹಲಗೆಯನ್ನು ನೀರಿಗಿಳಿಸುತ್ತಾರೆ. ಅದು ನೆಟ್ಟಗೆ ಹೊರಕ್ಕೆ ಸರಿಯುತ್ತದೆ. ವರ್ನನ್ ಒಮ್ಮೆ ತಿರುಗಿ ನೋಡಿ ಮತ್ತೆ ಮುಂದಕ್ಕೆ ನೋಟ ನೆಡುತ್ತಾರೆ.

"ಚೆನ್ನಾಗೇ ಕಟ್ಟಿದಾಳೆ" ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ: "ಒಂದು ವಸಂತ ಬಿಟ್ಟಿದ್ರೆ ಏನಾಗ್ತಿತ್ತು? ಮೀನು ಮುಂದಿನ ವರ್ಷಾನೂ ಬರ್ತಿತ್ತಲ್ಲ."