ನಾಲ್ಕನೇ ಟೇಬಲ್ಲಿನ ಗೌಡಶಾನಿ

ವಾಡಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ತರಬೇತಿ ಕೇಂದ್ರ. ಕೇಂದ್ರ ಅಂದರೆ ದೊಡ್ಡದೇನಲ್ಲ. ಒಂದು ಸೇವಾ ಸಂಸ್ಥೆಯವರು ಹಳೆಯ ಮದುವೆ ಹಾಲನ್ನು ಬಾಡಿಗೆಗೆ ಹಿಡಿದು, ಒಂದು ಕಡೆ ಹೋಟೆಲ್ ಅಡುಗೆ ಕಲಿಸುತ್ತಿದ್ದರು, ಇನ್ನೊಂದು ಕಡೆ ಬಡಿಸುವುದನ್ನು. ಫೀಸು ಇಲ್ಲ. ಬಿಳಿ ಅಂಗಿ, ಕರಿ ಪ್ಯಾಂಟು, ಮಧ್ಯಾಹ್ನದ ಊಟ ಎಲ್ಲ ಅವರದೇ. ಮೂರು ತಿಂಗಳಾದ ಮೇಲೆ ಒಂದು ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಕಲಬುರಗಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸ.

ಆಗ ನನಗೆ ಇಪ್ಪತ್ತೊಂಬತ್ತು. ಬಿ.ಎ. ಮಾಡಿ, ಪೊಲೀಸ್ ಪರೀಕ್ಷೆಗೆ ಓದಿ ಓದಿ ವಯಸ್ಸು ಮೀರಿಸಿಕೊಂಡು ಕೂತವಳು. ಈ ಕೆಲಸವೂ ಕೈತಪ್ಪಿದರೆ ಅವ್ವನ ಹಿಂದೆ ತೊಗರಿ ಹೊಲಕ್ಕೆ ಕೂಲಿಗೆ ಹೋಗುವುದೊಂದೇ ದಾರಿ. ಹೊಲದ ಕೆಲಸ ಕೀಳು ಅಂತಲ್ಲ. ಅಷ್ಟು ಓದಿಸಿದ ಅವ್ವನ ಪಕ್ಕದಲ್ಲೇ ಬಗ್ಗಿ ತೊಗರಿ ಕೊಯ್ಯುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಹಳ್ಳಿಯಿಂದ ಟಂಟಂ ಆಟೋ ಹಿಡಿದು ಚಿತ್ತಾಪುರಕ್ಕೆ, ಅಲ್ಲಿಂದ ರೈಲಿನಲ್ಲಿ ವಾಡಿಗೆ ಹೋಗುವಾಗಲೂ ಅದೇ ಚಿಂತೆ.

ಬಡಿಸುವುದನ್ನು ಕಲಿಸುತ್ತಿದ್ದ ಮೇಡಂ ಶಹಾಬಾದಿನವರು. ಹೈದರಾಬಾದಿನ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು. ಬಾಯಿ ಅಂದರೆ ಬಾಯಿ! ಟೇಬಲ್ ಬಟ್ಟೆ ಒಂದು ಬೆರಳು ಓರೆಯಾದರೂ ಬಿಡುತ್ತಿರಲಿಲ್ಲ. ಬಡಿಸುವುದಕ್ಕೆ ಅವರದೊಂದು ಕ್ರಮವಿತ್ತು. ಗಿರಾಕಿಯ ಬಲಗಡೆಯಿಂದ ಹೋಗಬೇಕು, ಹೆಗಲಿನ ಹತ್ತಿರ ಬಾಗಬೇಕು, ತಾಟನ್ನು ಅವರ ಎದೆಯ ನೇರಕ್ಕೆ ಇಡಬೇಕು, ಒಂದು ಉಸಿರು ಅಲ್ಲೇ ನಿಂತು 'ಮತ್ತೇನರ ಬೇಕೇನ್ರಿ' ಅಂತ ಕೇಳಬೇಕು.

ಈ ಕೊನೆಯ ಎರಡು ನನಗೆ ಬರುತ್ತಿರಲಿಲ್ಲ. ತಾಟನ್ನು ಟೇಬಲ್ಲಿನ ಅಂಚಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದುಬಿಡುತ್ತಿದ್ದೆ. ಗಿರಾಕಿಯಾಗಿ ಕೂತವರು ಕೈ ಚಾಚಿ ಎಳೆದುಕೊಳ್ಳಬೇಕು.

"ಏನವ್ವ, ತಾಟಿಟ್ಟು ಓಡಿ ಹೋಗ್ತಿ? ಗಿರಾಕಿ ಏನ್ ಗೂಳಿಹಂಗ ಹಾಯ್ತಾನೇನು?" ಅನ್ನುತ್ತಿದ್ದರು ಮೇಡಂ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮತ್ತೆ ಮಾಡಿದರೆ ಮತ್ತೆ ಅದೇ. ತಲೆಯೊಳಗೆ 'ನಿಲ್ಲು, ನಿಲ್ಲು' ಅಂದುಕೊಳ್ಳುತ್ತಿದ್ದರೂ ಕಾಲು ಹಿಂದೆ ಹೋಗಿರುತ್ತಿತ್ತು. ಮೇಡಂ ಇದನ್ನು ಅಂಜಿಕೆ ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಭಾನುವಾರ ನಮ್ಮೂರ ಗೌಡರ ಮನೆಗೆ ಅವ್ವನ ಜೊತೆ ಹೋದೆ. ಅವರ ಹೊಲದಲ್ಲೇ ಅವ್ವನ ಕೂಲಿ. ಮನೆಗೆ ಬೇಕಾದ ತೊಗರಿಯನ್ನೂ ಅವಳೇ ಹಸನು ಮಾಡಿ ಕೊಡುತ್ತಿದ್ದಳು. ಗೌಡಶಾನಿ ಅಂದರೆ ಗೌಡರ ಹೆಂಡತಿ, ಅರವತ್ತು ದಾಟಿದ ಹೆಣ್ಣುಮಗಳು, ಬಾಗಿಲಿಗೆ ಬಂದರು. ಅವ್ವ ತೊಗರಿ ತುಂಬಿದ ಮೊರವನ್ನು ಕಟ್ಟೆಯ ಅಂಚಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಆಮೇಲೆ ಗೌಡಶಾನಿ ಬಗ್ಗಿ ಅದನ್ನು ಎತ್ತಿಕೊಂಡರು. ಇಬ್ಬರೂ ಮಳೆ ವಿಷಯ ಮಾತಾಡುತ್ತಲೇ ಇದ್ದರು. ಆ ಎರಡು ಹೆಜ್ಜೆ ನನ್ನವೇ ಅಂತ ನನಗೆ ಆಗ ಕಂಡಿತು.

ನಮ್ಮದು ಬೌದ್ಧರ ಮನೆ. ಅಜ್ಜನ ಕಾಲಕ್ಕೇ ದೀಕ್ಷೆ ತಗೊಂಡವರು. ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಮನೆಯಲ್ಲಿ ನನ್ನ ಡಿಗ್ರಿ ಇದೆ. ಆದರೆ ನಮ್ಮ ಓಣಿಯವರ ಕೈಯಿಂದ ಮೇಲಿನ ಓಣಿಯ ಹಿರಿಯರು ನೀರು ಮುಟ್ಟುವುದಿಲ್ಲ ಅನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತು, ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ವಾಪಸ್ಸು ಬರುವಾಗ ಅವ್ವನ ಮೇಲೆ ಹರಿಹಾಯ್ದೆ.

"ಕೈಯಾಗ ಕೊಡಾಕ ಏನಾಗಿತ್ತು ನಿನಗ? ಯಾಕ ಹಂಗ ಹಿಂದ ಸರೀತಿ?"

"ಯಾರ್ ಸರದ್ರು?" ಅಂದಳು ಅವ್ವ. ಖರೇನೇ ಕೇಳಿದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ. ನನಗಾದರೂ ಎಲ್ಲಿ ಗೊತ್ತಿತ್ತು? ಯಾರೂ ಕಲಿಸದೆ, ಅವ್ವನ ಸೆರಗು ಹಿಡಿದು ಓಡಾಡುವಾಗಲೇ ನನ್ನ ಕಾಲು ಅದನ್ನು ಕಲಿತುಬಿಟ್ಟಿತ್ತು. ಎಂಥಾ ಸಿಟ್ಟು ಬಂತೆಂದರೆ, ಅವತ್ತು ರಾತ್ರಿ ಊಟ ಸೇರಲಿಲ್ಲ.

ಈ ವಿಷಯ ಒಬ್ಬಳಿಗೇ ಹೇಳಿದೆ. ಚಿಂಚೋಳಿ ತಾಲೂಕಿನ ಕೊಡ್ಲಿಯಿಂದ ಬಂದಿದ್ದ ಹೆಣ್ಣುಮಗಳು, ನನಗಿಂತ ಐದಾರು ವರ್ಷ ದೊಡ್ಡಾಕಿ, ಗಂಡ ತೀರಿಕೊಂಡ ಮೇಲೆ ಕೆಲಸ ಹುಡುಕಿಕೊಂಡು ವಾಡಿಗೆ ಬಂದು ಅಕ್ಕನ ಮನೆಯಲ್ಲಿದ್ದಳು. ಅವಳು ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. "ಬಾ, ನಾ ಗಿರಾಕಿ ಆಗಿ ಕುಂದ್ರತೀನಿ" ಅಂದಳು. ಊಟದ ಬಿಡುವಿನಲ್ಲಿ ಅವಳು ಕೂರುವುದು, ನಾನು ಬಡಿಸುವುದು. ತಾಟಿಡುತ್ತಿದ್ದಂತೆ ಅವಳು ನನ್ನ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. "ಯಮ್ಮೋ, ಎಲ್ಲಿ ಹೊಂಟಿ? ಇನ್ನ ಉಪ್ಪಿನಕಾಯಿನೇ ಬಂದಿಲ್ಲ!" ಎರಡು ವಾರ ಹೀಗೆ ಎಳೆದು ಎಳೆದು ನನ್ನ ಕಾಲನ್ನು ನಿಲ್ಲಿಸಿದಳು. ಪೂರಾ ಅಲ್ಲ. ಹತ್ತರಲ್ಲಿ ಏಳು ಸಲ ನಿಲ್ಲುತ್ತಿತ್ತು.

ಪರೀಕ್ಷೆಯ ದಿನ ವಾಡಿಯ ಗಣ್ಯರನ್ನು ಊಟಕ್ಕೆ ಕರೆದಿದ್ದರು. ಅವರೇ ಗಿರಾಕಿಗಳು. ಕಲಬುರಗಿ ಹೋಟೆಲಿನ ಮ್ಯಾನೇಜರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಹಾಳೆಯಲ್ಲಿ ಅಂಕ ಹಾಕುವವರು. ಗಿರಾಕಿ ಊಟ ಬಿಟ್ಟೆದ್ದರೆ ಅಂಕ ಹೋಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು. ನನ್ನದು ನಾಲ್ಕನೇ ಟೇಬಲ್. ನ್ಯಾಪ್ಕಿನ್ ಮಡಚಿಟ್ಟು ತಲೆ ಎತ್ತಿದೆ. ವಾಡಿಯಲ್ಲಿ ಟೀಚರಾಗಿದ್ದ ಮಗಳ ಕೈ ಹಿಡಿದುಕೊಂಡು ನಮ್ಮೂರ ಗೌಡಶಾನಿ ಒಳಗೆ ಬರುತ್ತಿದ್ದರು. ಸಂಸ್ಥೆಯವರು ಮಗಳನ್ನು ಕರೆದಿದ್ದರು, ಮಗಳು ತಾಯಿಯನ್ನು ಕರೆತಂದಿದ್ದಳು. ಇಬ್ಬರೂ ಬಂದು ಕೂತದ್ದು ನಾಲ್ಕನೇ ಟೇಬಲ್ಲಿಗೇ.

ನನ್ನ ಗುರುತು ಸಿಕ್ಕರೆ ಈಕೆ ತುತ್ತು ಮುಟ್ಟುವುದಿಲ್ಲ, ಮುಟ್ಟದಿದ್ದರೆ ನನ್ನ ಕೆಲಸ ಹೋಯಿತು. ಅಡುಗೆಮನೆಗೆ ಓಡಿದೆ. "ಮೇಡಂ, ನನ್ನ ಟೇಬಲ್ ಬದಲಿ ಮಾಡ್ರಿ."

"ಯಾಕ?"

ಕೊಡ್ಲಿಯವಳಿಗೆ ನನ್ನ ಮುಖ ನೋಡಿಯೇ ಗೊತ್ತಾಗಿ, "ನಂದು ಆರನೇದು, ಅಕಿಗಿ ಕೊಡ್ತೀನ್ರಿ" ಅಂದಳು. ಮೇಡಂ ಕಣ್ಣು ಬಿಟ್ಟರು. "ಗಿರಾಕಿನ್ನ ಆರಿಸ್ಕೊಂಡು ಕೆಲಸ ಮಾಡ್ತೀರೇನು? ನಾಳಿ ಹೋಟೆಲ್ನಾಗೂ ಹಿಂಗೇ ಅಂತೀರೇನು? ಟ್ರೇ ಹಿಡಿ, ನಡಿ."

ನಡೆದೆ. ಸೂಪು ಇಟ್ಟೆ. ಕಾಲು ನಿಂತಿತು. ಗೌಡಶಾನಿ ನನ್ನ ಮುಖ ನೋಡಿದರೂ ಗುರುತು ಹಿಡಿಯಲಿಲ್ಲ. ನಾನು ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೂ ಚಿತ್ತಾಪುರದ ಹಾಸ್ಟೆಲಿನಲ್ಲಿ ಇದ್ದವಳು, ಅವರ ಮನೆಗೆ ಹೋದಾಗಲೂ ಅವ್ವನ ಬೆನ್ನ ಹಿಂದೆ ನಿಂತವಳು, ಮೇಲೆ ಈ ಬಿಳಿ ಅಂಗಿ. ರೊಟ್ಟಿ, ಪಲ್ಯ, ಜೀರಾ ರೈಸು, ದಾಲ್ ಬಂದವು. ಗೌಡಶಾನಿ ಚಮಚ ಬದಿಗಿಟ್ಟು ಕೈಯಿಂದಲೇ ಚೆನ್ನಾಗಿ ಉಣ್ಣತೊಡಗಿದರು. "ಈ ದಾಲ್ ಭಾಳ ಚಲೋ ಆಗ್ಯಾದ ನೋಡು, ಬೆಳ್ಳುಳ್ಳಿ ಎಷ್ಟ್ ಹದಾ ಹಾಕ್ಯಾರ" ಅಂತ ಮಗಳಿಗೆ ಹೇಳಿದರು. ನನ್ನ ಕಡೆ ತಿರುಗಿ, "ಇನ್ನೊಂದಿಷ್ಟು ಹಾಕವ್ವ" ಅಂದರು. ಹಾಕಿದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಇನ್ನು ಗುಲಾಬ್ ಜಾಮೂನು ಒಂದು ಇಟ್ಟುಬಿಟ್ಟರೆ ಮುಗಿಯಿತು, ಬದುಕಿದೆ ಅಂದುಕೊಂಡೆ.

"ಯಾವೂರವ್ವ ನಿಂದು?" ಗೌಡಶಾನಿ ಪ್ರೀತಿಯಿಂದಲೇ ಕೇಳಿದರು.

ಚಿತ್ತಾಪುರ ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೆಲಸ ಬೇಕು, ಸುಳ್ಳು ಹೇಳು, ಯಾರು ಕೇಳುತ್ತಾರೆ ಅಂತ ಮನಸ್ಸು ಹೇಳುತ್ತಿತ್ತು. ಆದರೆ ಆ ಸುಳ್ಳು ಹೇಳುವುದಕ್ಕಾಗಿ ಅಂಗಿ ಎಳೆಸಿಕೊಂಡು ಎರಡು ವಾರ ನಿಲ್ಲುವುದನ್ನು ಕಲಿತೆನೇ? ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ನಿಮ್ಮೂರೇ ರೀ. ನಿಮ್ಮ ಹೊಲಕ್ಕ ಬರ್ತಾಳಲ್ಲ, ತೊಗರಿ ಹಸನ ಮಾಡಿ ಕೊಡ್ತಾಳಲ್ಲ, ಅಕಿ ಮಗಳು."

ಗೌಡಶಾನಿಯ ಕೈ ತಾಟಿನಲ್ಲೇ ನಿಂತಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹೌದಾ" ಅಂದರು. ಕಲಸಿದ ತುತ್ತನ್ನು ಬೆರಳಿನಿಂದ ಬಿಡಿಸಿದರು. ಗ್ಲಾಸು ಎತ್ತಿ, ಅನ್ನ ಉಳಿದಿದ್ದ ತಾಟಿನಲ್ಲೇ ಕೈ ತೊಳೆದುಬಿಟ್ಟರು. ತಾಟಿನಲ್ಲಿ ಕೈ ತೊಳೆದರೆ ಊಟ ಮುಗಿಯಿತು ಅಂತಲೇ ಅರ್ಥ. ಮಗಳು "ಅವ್ವಾ, ಹಂಗ್ಯಾಕ..." ಅಂದು ತಲೆ ತಗ್ಗಿಸಿದಳು.

ಮೂಲೆಯಲ್ಲಿ ಮ್ಯಾನೇಜರು ಕತ್ತೆತ್ತಿ ನೋಡುತ್ತಿದ್ದರು. ನನ್ನ ಕಾಲು ಹಿಂದೆ ಎಳೆಯುತ್ತಿತ್ತು. ಇವತ್ತಿಗೂ ಆ ಎಳೆತ ನನಗೆ ನೆನಪಿದೆ. ಗಿರಾಕಿ ಊಟ ಬಿಟ್ಟರೆ ಒಮ್ಮೆ ಕಾರಣ ಕೇಳಬೇಕು, ಆಮೇಲೆ ತಾಟು ತೆಗೆಯಬೇಕು, ಅದೂ ಮೇಡಂ ಕಲಿಸಿದ್ದೇ. ಹೆಗಲಿನ ಹತ್ತಿರ ಬಾಗಿ ಕೇಳಿದೆ, "ಅಡಗಿ ಸೇರಲಿಲ್ಲೇನ್ರಿ?"

"ಅಡಗಿ ಚಲೋನೇ ಅದ" ಅಂದರು ಗೌಡಶಾನಿ, ನನ್ನ ಕಡೆ ನೋಡದೆ. "ಹೊಟ್ಟಿ ತುಂಬ್ತು."

ತಾಟು ಎತ್ತಿಕೊಂಡು ಒಂದು ಉಸಿರು ಅಲ್ಲೇ ನಿಂತೆ. "ಮತ್ತೇನರ ಬೇಕೇನ್ರಿ?" ಅಂತಲೂ ಕೇಳಿದೆ. ತಾಟು ಹಿಡಿದುಕೊಂಡು ಅಡುಗೆಮನೆಗೆ ಬಂದೆ. ಮುಗಿಯಿತು ನನ್ನ ಕಥೆ, ಬಾಯಿ ಮುಚ್ಚಿಕೊಂಡು ಇರಬಾರದಾಗಿತ್ತೇ ಅಂತ ನನ್ನನ್ನೇ ಬೈದುಕೊಂಡೆ. ಕೊಡ್ಲಿಯವಳು ಬಂದು ನನ್ನ ಕೈಯಿಂದ ಆ ತಾಟು ಇಸಿದುಕೊಂಡಳು.

ಎಲ್ಲರೂ ಹೋದ ಮೇಲೆ ಮ್ಯಾನೇಜರು ಕರೆದರು. "ಆ ಅಮ್ಮ ಊಟ ಯಾಕೆ ಬಿಟ್ಟರು?"

"ನನ್ನ ಊರು ಕೇಳಿದರು ಸರ್. ಹೇಳಿದೆ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಳೆಯ ಮೇಲೆ ಏನೋ ಬರೆದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಪಟ್ಟಿ ಹಚ್ಚುವವರೆಗೆ ಒಂದು ತಾಸು ಹೊರಗಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದೆ. ಆ ಒಂದು ತಾಸು ಯಾವ ವೈರಿಗೂ ಬೇಡ. ಕೊಡ್ಲಿಯವಳ ಹೆಸರು ಮೇಲೆಯೇ ಇತ್ತು. ನನ್ನದು ಎಲ್ಲಕ್ಕಿಂತ ಕೆಳಗೆ, ಆದರೂ ಇತ್ತು. ಬೆರಳಿಟ್ಟು ಮೂರು ಸಲ ಓದಿದೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೆಲಸ ಸಿಕ್ಕಿತು ಅಂದೆ. ಖುಷಿಯಾಗಿ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಸವರಿದಳು. ಆಮೇಲೆ ನಾಲ್ಕನೇ ಟೇಬಲ್ಲಿನ ವಿಷಯ ಹೇಳಿದೆ. ಅವಳ ಮುಖದ ಬಣ್ಣವೇ ಹೋಯಿತು.

"ಯಾಕರ ಹೇಳ್ದಿ ನನ್ನವ್ವ? ನಾಳಿ ಮುಂಜಾನಿ ನಾ ಅವರ ಹೊಲಕ್ಕ ಹೋಗಬೇಕಲ್ಲ. ಯಾ ಮಾರಿ ಇಟ್ಕೊಂಡು ಹೋಗಲಿ? ಬರಬ್ಯಾಡ ಅಂದ್ರ?"

ನನ್ನ ಕೆಲಸಕ್ಕೆ ಹೆದರಿದ್ದೆನೇ ಹೊರತು ಅವಳ ಕೆಲಸದ ನೆನಪೇ ನನಗೆ ಆಗಿರಲಿಲ್ಲ. ನಾಚಿಕೆಯಾಯಿತು. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ತಲೆ ಎತ್ತದೆಯೇ ಕೇಳಿದಳು.

"ನೀ ಹೇಳೂಕಿಂತ ಮೊದಲ ಏನರ ಉಂಡಿದ್ರೇನು?"

"ಮುಕ್ಕಾಲು ಉಂಡಿದ್ರು. ದಾಲ್ ಎರಡು ಸಲ ಹಾಕಿಸ್ಕೊಂಡ್ರು."

"ಎರಡು ಸಲ?"

"ಹೂಂನವ್ವ. ಭಾಳ ಚಲೋ ಆಗ್ಯಾದ ಅಂದ್ರು."

ಅವ್ವ ಕೈ ನಿಲ್ಲಿಸಿದಳು. "ಇಪ್ಪತ್ತೈದು ವರ್ಷ ಆಯ್ತು ಅವರ ಹೊಲಕ್ಕ ಹೋಗ್ಲಕತ್ತು. ಒಂದ ದಿನಾನೂ ನನ್ನ ಕೈಲೆ ನೀರ ಕುಡದಿಲ್ಲ ಅಕಿ" ಅಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆ ಅಂತ ಗಾಬರಿಯಾಗಿ ಹತ್ತಿರ ಹೋದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಅವಳಿಗೆ ಪರಿವೆಯೇ ಇರಲಿಲ್ಲ.

"ಖರೇ ಹೇಳು" ಅಂದಳು. "ಎರಡು ಸಲ?"