ಪದರ ತೆಳ್ಳಗಾದ ದಿನ

ಕಚೇರಿಯಲ್ಲಿ ಅವಳಿಗೆ ‘ಇನ್ನೊಂದ್ಸಲ’ ಎಂದೇ ಹೆಸರು. ಬಾಗಿಲಿಗೆ ಬೀಗ ಹಾಕಿದ ಮೇಲೂ ಇನ್ನೊಂದು ಸಲ ಎಳೆದು ನೋಡುವವಳು; ಲೆಕ್ಕದ ವಿಷಯದಲ್ಲಂತೂ ಕೇಳುವುದೇ ಬೇಡ. ಮಗಳು ಹುಟ್ಟಿದ ಮೇಲೆ ಅದು ಇಮ್ಮಡಿಯಾಗಿತ್ತು.

ಅವಳ ಕೆಲಸ, ಅತ್ತೆಗೆ ಅವಳೇ ಬಿಡಿಸಿ ಹೇಳಿದಂತೆ, ಗೆರೆ ಎಳೆಯುವುದು. ಕೇಬಲ್ಲಿನಿಂದ ಬರುವ ಸಣ್ಣ ಸಂಕೇತ ಉಗುರಿನಗಲದ ಚಿಪ್‌ನೊಳಗೆ ಹೋಗಬೇಕು. ಕೇಬಲ್ಲಿನ ಇಂಪೀಡೆನ್ಸ್, ಅಂದರೆ ಸಂಕೇತಕ್ಕೆ ಎದುರಾಗುವ ಬಿಗಿ, ಐವತ್ತು ಓಮ್; ಒಳಗಿನ ಸರ್ಕ್ಯೂಟಿನದು ಇನ್ನೂರು. ನೇರವಾಗಿ ಜೋಡಿಸಿದರೆ ಸಂಕೇತ ಹೊಸ್ತಿಲಿಗೆ ಬಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುತ್ತದೆ. ಅಗಲವಾಗಿ ಶುರುವಾಗಿ, ಗೊತ್ತೇ ಆಗದಂತೆ ಕಿರಿದಾಗುವ ಗೆರೆಯೊಂದು ನಡುವೆ ಬೇಕು.

“ಹೊಸ ಸೊಸೆ ಹತ್ರ ಮಾತಾಡ್ದಂಗೆ, ಮೆಲ್ಲಗೆ ಮೆಲ್ಲಗೆ,” ಎಂದಿದ್ದರು ಅತ್ತೆ.

ಆವತ್ತು ಸಂಜೆ ನಾಲ್ಕರೊಳಗೆ ಗೆರೆಯ ನಕ್ಷೆ, ಅದನ್ನು ಚಿಪ್ ಮೇಲೆ ಮೂಡಿಸುವ ಅಚ್ಚಿನವರಿಗೆ ಹೋಗಬೇಕಿತ್ತು. ತಪ್ಪಿದರೆ ಮತ್ತೆ ಸರದಿ ಮೂರು ತಿಂಗಳಿಗೆ. ನಕ್ಷೆಯೇ ತಪ್ಪಾಗಿದ್ದರೆ ಎಲ್ಲರ ವರ್ಷದ ದುಡಿಮೆ ನೀರಿನಲ್ಲಿ ಹೋಮ. ಎರಡೂವರೆಗೆ ಶಿಶುವಿಹಾರದ ಆಯಾ ಫೋನ್ ಮಾಡಿದಳು: “ಪಾಪು ಮೈ ಬೆಚ್ಚಗಿದೆ, ಬಂದು ಕರ್ಕೊಂಡು ಹೋಗಿ.”

ಜೀವಮಾನದಲ್ಲಿ ಮೊದಲ ಸಲ, ಇನ್ನೊಂದು ಸಲ ನೋಡದೆ ನಕ್ಷೆ ಕಳಿಸಿ ಚೀಲವನ್ನು ಹೆಗಲಿಗೇರಿಸಿದಳು.

ಲಿಫ್ಟಿನ ಮುಂದೆ ಪದರದಣ್ಣ ಸಿಕ್ಕ. ಚಿಪ್ ಮೇಲೆ ಲೋಹದ ಪದರ ಹಾಯಿಸುವವನು. “ಈ ಸಲ ನಮ್ಮ ಕ್ಯಾಂಟೀನ್ ಟೀ ತರ ತೆಳ್ಳಗೆ ಹಾಕಿದೀನಮ್ಮ. ಇಪ್ಪತ್ತಲ್ಲ, ಹತ್ತು ನ್ಯಾನೋಮೀಟರ್. ಬೋರ್ಡಲ್ಲಿ ಬರೆದಿದ್ನಲ್ಲ, ನೋಡಿದ್ರಿ ತಾನೆ?”

ನೋಡಿದ್ದಳು. ಆದರೆ ಲೆಕ್ಕಕ್ಕೆ ತೆರೆದದ್ದು ಹಳೆಯ ಕಡತ, ಅದರಲ್ಲಿದ್ದದ್ದು ಇಪ್ಪತ್ತೇ. ಸಾಮಾನ್ಯ ತಾಮ್ರವಾಗಿದ್ದರೆ ನಡೆದುಹೋಗುತ್ತಿತ್ತೇನೋ. ಕೊರೆಯುವ ಚಳಿಯಲ್ಲಿ ತಡೆಯೇ ಇಲ್ಲದೆ ಕರೆಂಟು ಹರಿಸುವ ಈ ಲೋಹದ ಸ್ವಭಾವವೇ ಬೇರೆ: ಪದರ ತೆಳುವಾದಷ್ಟೂ ಕರೆಂಟು ಮೈಭಾರ ಮಾಡಿಕೊಂಡು ನಡೆಯುತ್ತದೆ. ಐವತ್ತು ಓಮ್ ಇರಬೇಕಾದ ಗೆರೆಯ ಬಾಗಿಲು ಎಪ್ಪತ್ತಕ್ಕೆ ಏರುತ್ತದೆ, ಸಂಕೇತ ಮತ್ತೆ ಹೊಸ್ತಿಲಿಂದಲೇ ವಾಪಸ್.

ಅತ್ತ ಮಗು, ಇತ್ತ ಗೆರೆ. ಮನೆಗೆ ಫೋನ್ ಹಚ್ಚಿದಳು. “ಅತ್ತೆ, ಪಾಪುಗೆ ಮೈ ಬಿಸಿಯಂತೆ, ಇಲ್ಲಿ ನಾನು ಒಂದು ತಪ್ಪು...”

“ನಾನು ಹೋಗ್ತೀನಿ ಬಿಡು. ನೀನು ಬಂದ್ರೆ ಜ್ವರ ಇಳಿಯುತ್ತಾ? ನಿನ್ನ ಮುಖ ನೋಡಿದ್ರೆ ಅದಕ್ಕೂ ಗಾಬರಿ.”

ಅಚ್ಚಿನವರಿಗೆ “ಸ್ವಲ್ಪ ತಡೀರಿ, ತಪ್ಪು ನಂದೇ” ಎಂದು ಹೇಳಿ, ಮೇಜಿಗೆ ಮರಳಿ ಗೆರೆಯನ್ನು ಉದ್ದಕ್ಕೂ ಅಗಲ ಮಾಡುತ್ತ ಕೂತಳು. ಪದರದಣ್ಣ ಪಕ್ಕದಲ್ಲಿ ನಿಂತು ಅಂಕಿ ಓದಿದ. ನಾಲ್ಕಕ್ಕೆ ಆರು ನಿಮಿಷವಿರುವಾಗ ನಕ್ಷೆ ಹೋಯಿತು. ಬಸ್ಸಿನಲ್ಲಿ ಮತ್ತೆ ಹುಳ ಕೊರೆಯಿತು: ಅವನು ಹತ್ತು ಅಂದದ್ದು ಹತ್ತೇ ತಾನೆ? ಫೋನ್ ಮಾಡಿ ಕೇಳಿದಳು. “ಹತ್ತೇ ಕಣಮ್ಮ, ಇನ್ನೊಂದ್ಸಲ,” ಎಂದು ಅವನು ನಕ್ಕ.

ಮನೆಯಲ್ಲಿ ಮಗು ಅಜ್ಜಿಯ ತೊಡೆಯ ಮೇಲೆ ಕೂತು ಚಮಚ ಕಚ್ಚುತ್ತಿತ್ತು. “ಹಲ್ಲು ಬರ್ತಿದೆ ಕಣೆ, ಅಷ್ಟೇ. ಮೂರು ಸಲ ನೋಡ್ದೆ, ಜ್ವರ ಇಲ್ಲ.”

ಅವಳು ಚಪ್ಪಲಿ ಬಿಡುವ ಮೊದಲೇ ಏನನ್ನೋ ಹುಡುಕುತ್ತಿದ್ದಳು.

“ಥರ್ಮಾಮೀಟರ್ ಮೇಜಿನ ಮೇಲಿದೆ,” ಎಂದರು ಅತ್ತೆ. “ನಿನಗೇ ಅಂತ ತೆಗೆದಿಟ್ಟಿದೀನಿ.”